ಒಂದೇ ವಾರ್ಡು, ನಾಲ್ಕು ಪಾಠ

ಪಿಯುಸಿ ಫಲಿತಾಂಶ ಬಂದ ಮೇಲೆ ಮನೆಮನೆಯಲ್ಲಿ ನಡೆಯುವ ಲೆಕ್ಕಾಚಾರ ಎಲ್ಲರಿಗೂ ಗೊತ್ತಿದ್ದದ್ದೇ. ಎಂ.ಬಿ.ಬಿ.ಎಸ್. ಸೀಟು ಸಿಕ್ಕರೆ ಸರಿ, ಇಲ್ಲದಿದ್ದರೆ ದಂತವೈದ್ಯಕೀಯ, ಅದೂ ಕೈತಪ್ಪಿದರೆ ಫಿಸಿಯೋಥೆರಪಿ, ಫಾರ್ಮಸಿ, ನರ್ಸಿಂಗ್. ಯಾರು ದೊಡ್ಡವರು, ಯಾರು ಚಿಕ್ಕವರು ಎಂಬುದು ಕಾಲೇಜಿನ ಮೆಟ್ಟಿಲು ತುಳಿಯುವ ಮೊದಲೇ ಮಕ್ಕಳ ತಲೆಯಲ್ಲಿ ಅಚ್ಚೊತ್ತಿರುತ್ತದೆ. ಒಂದೇ ಆವರಣದಲ್ಲಿ ನಾಲ್ಕು ಕಾಲೇಜುಗಳಿದ್ದರೂ ಇವರು ಎದುರಾಗುವುದು ಹೆಚ್ಚಾಗಿ ಕ್ಯಾಂಟೀನಿನಲ್ಲಿ.

ಆದರೆ ರೋಗಿಯ ಮಂಚದ ಬಳಿ ಎಲ್ಲರೂ ಒಟ್ಟಿಗೆ ನಿಲ್ಲಲೇಬೇಕಲ್ಲ! ಸೊಂಟದ ಮೂಳೆ ಮುರಿದುಕೊಂಡ ಅಜ್ಜಿಯೊಬ್ಬರನ್ನು ತೆಗೆದುಕೊಳ್ಳಿ. ಶಸ್ತ್ರಚಿಕಿತ್ಸೆ ವೈದ್ಯರದು. ರಾತ್ರಿಯಿಡೀ ನೋವು, ಜ್ವರ ಗಮನಿಸಿ, ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸುವವರು ದಾದಿಯರು. ಮತ್ತೆ ಹೆಜ್ಜೆ ಇಡಿಸುವವರು ಫಿಸಿಯೋಥೆರಪಿಸ್ಟ್. ಮನೆಗೆ ಹೋದ ಮೇಲೆ ಸ್ನಾನ, ಅಡುಗೆಗಳನ್ನು ತಾವೇ ಮಾಡಿಕೊಳ್ಳಲು ಕಲಿಸುವವರು ಆಕ್ಯುಪೇಷನಲ್ ಥೆರಪಿಸ್ಟ್. ಒಬ್ಬರಿಗೆ ತಿಳಿದದ್ದು ಇನ್ನೊಬ್ಬರ ಕಿವಿಗೆ ಬೀಳದಿದ್ದರೆ ತೊಂದರೆ ಅಜ್ಜಿಗೇ.

ಸ್ವೀಡನ್ನಿನ ಲಿನ್‌ಶೋಪಿಂಗ್ ವಿಶ್ವವಿದ್ಯಾಲಯ ಇದನ್ನು ಬಹಳ ಹಿಂದೆಯೇ ಮನಗಂಡಿತು. 1986ರಲ್ಲಿ ಅಲ್ಲಿ ವೈದ್ಯಕೀಯ, ನರ್ಸಿಂಗ್ ಮತ್ತಿತರ ಕೋರ್ಸುಗಳ ಹೊಸ ವಿದ್ಯಾರ್ಥಿಗಳನ್ನು ಮೊದಲ ಹತ್ತು ವಾರ ಒಟ್ಟಿಗೆ ಕೂರಿಸಿ ಕಲಿಸುವ ಪದ್ಧತಿ ಬಂತು. ಹತ್ತು ವರ್ಷಗಳ ಬಳಿಕ, 1996ರಲ್ಲಿ, ಮೂಳೆ ಚಿಕಿತ್ಸೆಯ ವಾರ್ಡೊಂದನ್ನೇ ವಿದ್ಯಾರ್ಥಿಗಳ ತಂಡಕ್ಕೆ ಒಪ್ಪಿಸಲಾಯಿತು. ಅನುಭವಿಗಳು ಬೆನ್ನ ಹಿಂದೆ ನಿಂತು ಕಾಯುತ್ತಾರೆ. ನಿರ್ಧಾರದ ಚರ್ಚೆ ಮಾತ್ರ ವಿದ್ಯಾರ್ಥಿಗಳದು. ರೋಗಿಯ ಮೈ ಒರೆಸುವುದು, ಹಾಸಿಗೆ ಸರಿಪಡಿಸುವುದು ಮುಂದೆ ಡಾಕ್ಟರಾಗುವವರಿಗೂ ತಪ್ಪದು. ಸ್ಟಾಕ್‌ಹೋಮ್, ಲಂಡನ್ನುಗಳಲ್ಲೂ ಇಂಥ ವಾರ್ಡುಗಳು ನಡೆದಿವೆ.

ಎಲ್ಲರಿಗೂ ಇದು ರುಚಿಸಿತೆಂದಲ್ಲ. ಕಲಿಯಬೇಕಾದ ವೈದ್ಯಶಾಸ್ತ್ರವೇ ಬೆಟ್ಟದಷ್ಟಿರುವಾಗ ಇದಕ್ಕೆಲ್ಲ ಸಮಯವೆಲ್ಲಿ ಎಂಬುದು ವೈದ್ಯ ವಿದ್ಯಾರ್ಥಿಗಳ ಗೊಣಗಾಟ. ಅದನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ. ಈ ಮನೋಭಾವವನ್ನು ಅಳೆಯಲೆಂದೇ 1999ರಲ್ಲಿ ಇಂಗ್ಲೆಂಡಿನ ಪಾರ್ಸೆಲ್ ಮತ್ತು ಬ್ಲೈ 19 ಹೇಳಿಕೆಗಳ ಪ್ರಶ್ನಾವಳಿ ರೂಪಿಸಿದರು. ದಾದಿಯರು, ಥೆರಪಿಸ್ಟರು ಇರುವುದೇ ಮುಖ್ಯವಾಗಿ ವೈದ್ಯರಿಗೆ ನೆರವಾಗಲಿಕ್ಕೆ ಎಂಬ ಮಾತನ್ನು ಒಪ್ಪುವಿರಾ ಎಂದೂ ಅದು ಕೇಳುತ್ತದೆ! ಒಟ್ಟಿಗೆ ಕಲಿಯಲು ನರ್ಸಿಂಗ್ ವಿದ್ಯಾರ್ಥಿಗಳಿಗಿರುವ ಉತ್ಸಾಹ ವೈದ್ಯ ವಿದ್ಯಾರ್ಥಿಗಳಿಗಿಲ್ಲ ಎಂದು ಹಲವು ದೇಶಗಳ ಸಮೀಕ್ಷೆಗಳು ತೋರಿಸಿವೆ. ಬ್ರಿಸ್ಟಲ್‌ನ ವಿಶ್ವವಿದ್ಯಾಲಯವೊಂದರಲ್ಲಿ ಸೇರಿದಾಗ ಇದ್ದ ಹುರುಪು ವರ್ಷ ಕಳೆದಂತೆ ಇಳಿದದ್ದೂ ಕಂಡಿತು. ತಮಾಷೆಯೆಂದರೆ, ಹೀಗೆ ಬೇಸರಿಸಿದವರೇ ಕೋರ್ಸು ಮುಗಿಯುವಾಗ ಬೇರೆ ವೃತ್ತಿಯವರೊಡನೆ ತಮ್ಮ ಒಡನಾಟ ಚೆನ್ನಾಗಿದೆ ಎಂದಿದ್ದರು.

ನಮ್ಮಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಹುಟ್ಟಿದ್ದೂ 1996ರಲ್ಲೇ. ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ಎಲ್ಲಕ್ಕೂ ಅದರದೇ ಪದವಿ. ಆದರೆ ಪಾಠದ ಕೋಣೆಗಳು ಬೇರೆ ಬೇರೆ. 2019ರಿಂದ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮ ವೈದ್ಯನನ್ನು ಆರೋಗ್ಯ ತಂಡದ ನಾಯಕನೂ ಹೌದು, ಸದಸ್ಯನೂ ಹೌದು ಎಂದು ಕರೆಯಿತು. ನಾಯಕನಾಗಲು ಎಲ್ಲರೂ ತಯಾರು. ಸದಸ್ಯನಾಗುವುದೇ ಕಷ್ಟದ ಪಾಠ.

ಸೀಟು ಹಿಡಿಯುವ ಮುನ್ನ ತಂದೆತಾಯಿಯರು ಹಾಸ್ಟೆಲ್ಲು, ಶುಲ್ಕ, ಪ್ರಯೋಗಾಲಯಗಳನ್ನು ವಿಚಾರಿಸುತ್ತಾರೆ. ಜೊತೆಗೆ, ಪಕ್ಕದ ಕಟ್ಟಡದ ನರ್ಸಿಂಗ್ ವಿದ್ಯಾರ್ಥಿಗಳ ಜೊತೆ ನಮ್ಮ ಹುಡುಗ ಒಂದು ದಿನವಾದರೂ ಒಂದೇ ರೋಗಿಯ ಬಗ್ಗೆ ಕೂತು ಮಾತನಾಡುತ್ತಾನೆಯೇ ಎಂದೂ ಕೇಳಬಹುದು.