ತೊಗರಿ ಹೊಲದ ನೀಲಿ ಪಾತರಗಿತ್ತಿ: ನಂಬಿಕೆ ಏನು, ನಿಜ ಏನು?

ದಸರೆ ದಾಟಿ ದೀಪಾವಳಿ ಹತ್ತಿರ ಬಂತೆಂದರೆ ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಸೀಮೆಯ ಎರಿ ಹೊಲಗಳಲ್ಲಿ ತೊಗರಿ ಹೂವಿಗೆ ಬರುತ್ತದೆ. ಆ ಹಳದಿಯ ನಡುವೆ ಒಂದು ಕಡೆ ನಿಲ್ಲದೆ ಸರಸರ ಹಾರುವ ಸಣ್ಣ ನೀಲಿ ಪಾತರಗಿತ್ತಿಯನ್ನು ನೋಡದವರು ಕಡಿಮೆ. ಇಂಗ್ಲಿಷಿನಲ್ಲಿ ಇದು ‘ಪೀ ಬ್ಲೂ’, ಶಾಸ್ತ್ರೀಯವಾಗಿ ಲ್ಯಾಂಪಿಡಿಸ್ ಬೊಯೆಟಿಕಸ್. ಲಿನೇಯಸ್ 1767ರಲ್ಲೇ ಇದನ್ನು ವಿವರಿಸಿದ್ದ. ರೆಕ್ಕೆ ಬಿಚ್ಚಿದರೆ 3 ಸೆಂ.ಮೀ. ಆಸುಪಾಸು. ಇಷ್ಟು ಪರಿಚಿತವಾಗಿದ್ದರೂ ಇದರ ಬಗ್ಗೆ ತಪ್ಪು ತಿಳಿವಳಿಕೆಗೇನೂ ಬರವಿಲ್ಲ.

ತಪ್ಪು ಕಲ್ಪನೆ: ಪಾತರಗಿತ್ತಿಗೆ ಮಲೆನಾಡೇ ಬೇಕು, ನಮ್ಮ ಬಿಸಿಲು ಸೀಮೆಯಲ್ಲಿ ಅವೆಲ್ಲಿ ಬದುಕಬೇಕು?

ಸತ್ಯ: ಚಿಟ್ಟೆ ಎಲ್ಲಿರಬೇಕು ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಅದರ ಹುಳು ತಿನ್ನುವ ಗಿಡ. ತೊಗರಿ, ಅವರೆ, ಅಲಸಂದಿ ಇದ್ದಲ್ಲಿ ಪೀ ಬ್ಲೂ ಇದೆ. ಜಾಲಿ ಇದ್ದಲ್ಲಿ ‘ಬಬೂಲ್ ಬ್ಲೂ’, ಲಿಂಬೆ ಇದ್ದಲ್ಲಿ ‘ಲೈಮ್ ಬ್ಲೂ’. ಪೀ ಬ್ಲೂ ಅಂತೂ ಆಫ್ರಿಕಾ, ಯುರೋಪ್, ಆಸ್ಟ್ರೇಲಿಯಾದಲ್ಲೂ ಉಂಟು. ದೂರ ವಲಸೆ ಹೋಗುವ ಈ ಚಿಟ್ಟೆ 1859ರಲ್ಲಿ ಇಂಗ್ಲೆಂಡಿನ ಬ್ರೈಟನ್ ಕಡಲ ದಂಡೆಯಲ್ಲೂ ಸಿಕ್ಕಿತ್ತು.

ತಪ್ಪು ಕಲ್ಪನೆ: ಸಣ್ಣವೆಲ್ಲ ಮರಿಗಳು, ಬೆಳೆದು ದೊಡ್ಡ ಪಾತರಗಿತ್ತಿ ಆಗುತ್ತವೆ.

ಸತ್ಯ: ಕೋಶ ಒಡೆದು ಹೊರಬಂದ ಚಿಟ್ಟೆ ಆಮೇಲೆ ಎಳ್ಳಷ್ಟೂ ಬೆಳೆಯುವುದಿಲ್ಲ. ಬೆಳವಣಿಗೆಯೆಲ್ಲ ಹುಳುವಾಗಿದ್ದಾಗಲೇ ಮುಗಿದಿರುತ್ತದೆ. ಇದೇ ಬಳಗದ ‘ಗ್ರಾಸ್ ಜುವೆಲ್’ ಬದುವಿನ ಗರಿಕೆಯ ಮಟ್ಟದಲ್ಲೇ ಹಾರುತ್ತದೆ. ರೆಕ್ಕೆ ಬಿಚ್ಚಿದರೂ 2 ಸೆಂ.ಮೀ. ಮೀರುವುದು ಅಪರೂಪ. ಭಾರತದ ಅತಿ ಚಿಕ್ಕ ಚಿಟ್ಟೆಗಳಲ್ಲಿ ಒಂದಾದ ಅದೂ ಪೂರ್ತಿ ಬೆಳೆದದ್ದೇ.

ತಪ್ಪು ಕಲ್ಪನೆ: ರೆಕ್ಕೆಯ ಮೇಲಿರುವುದು ನೀಲಿ ಬಣ್ಣದ ಪುಡಿ. ಕಣ್ಣಿಗೆ ಬಿದ್ದರೆ ಕುರುಡಾಗುತ್ತೇವೆ.

ಸತ್ಯ: ಬೆರಳಿಗೆ ಹತ್ತುವುದು ರೆಕ್ಕೆಯ ಹುರುಪೆ. ಬೇರೆ ಧೂಳಿನಂತೆ ಅದೂ ಕಣ್ಣಿಗೆ ಕಿರಿಕಿರಿ ಮಾಡೀತು, ದೃಷ್ಟಿ ಹೋಗುವುದಿಲ್ಲ. ಆ ನೀಲಿಯೂ ಬಳಿದ ಬಣ್ಣವಲ್ಲ. ಹುರುಪೆಯೊಳಗಿನ ಅತಿ ತೆಳು ಪದರಗಳು ಬೆಳಕಿನ ನೀಲಿ ಭಾಗವನ್ನಷ್ಟೇ ಬಲವಾಗಿ ಹಿಂತಿರುಗಿಸುತ್ತವೆ. ಹೊಳಪು ಗಂಡಿನಲ್ಲೇ ಹೆಚ್ಚು; ಹೆಣ್ಣು ಬಹುಪಾಲು ಕಂದು, ರೆಕ್ಕೆಯ ಬುಡದಲ್ಲಿ ಮಾತ್ರ ನೀಲಿ. ಹೀಗಾಗಿ ಎರಡನ್ನೂ ಬೇರೆ ಬೇರೆ ಜಾತಿ ಎಂದುಕೊಳ್ಳುವವರಿದ್ದಾರೆ.

ತಪ್ಪು ಕಲ್ಪನೆ: ಹಿಂದಿನ ರೆಕ್ಕೆಯ ಎಳೆಬಾಲ ಬರೀ ಅಲಂಕಾರ.

ಸತ್ಯ: ಕುಳಿತ ಪೀ ಬ್ಲೂವನ್ನು ಹತ್ತಿರದಿಂದ ನೋಡಿ. ಮಡಿಚಿದ ರೆಕ್ಕೆಯ ಹಿಂತುದಿಯಲ್ಲಿ ಕೇಸರಿ ಅಂಚಿನ ಎರಡು ಕಪ್ಪು ಬೊಟ್ಟು, ಪಕ್ಕದಲ್ಲೇ ತುದಿ ಬೆಳ್ಳಗಿರುವ ಬಾಲ. ಹಿಂದಿನ ರೆಕ್ಕೆಗಳನ್ನು ಮೇಲೆ ಕೆಳಗೆ ಉಜ್ಜಿದಾಗ ಬೊಟ್ಟು ಕಣ್ಣಾಗಿ, ಬಾಲ ಮೀಸೆಯಾಗಿ ಕಾಣುತ್ತದೆ. ಹಲ್ಲಿಯೋ ಹಕ್ಕಿಯೋ ಅದನ್ನೇ ತಲೆ ಎಂದು ತಿಳಿದು ಕಚ್ಚಿದರೆ ಹೋಗುವುದು ರೆಕ್ಕೆಯ ಚೂರು, ಉಳಿಯುವುದು ಜೀವ.

ತಪ್ಪು ಕಲ್ಪನೆ: ಇರುವೆ ಮುತ್ತಿದ ಹುಳು ಸತ್ತಂತೆಯೇ.

ಸತ್ಯ: ಇಲ್ಲಿ ಇರುವೆ ಕಾವಲುಗಾರ. ಪೀ ಬ್ಲೂ ಹುಳುವಿನ ಹೊಟ್ಟೆಯ ಏಳನೆಯ ಖಂಡದ ಬೆನ್ನ ಮೇಲೆ ಸಿಹಿ ರಸ ಒಸರುವ ಗ್ರಂಥಿ ಇದೆ. ಇರುವೆ ಕುಡಿಮೀಸೆಯಿಂದ ತಟ್ಟಿದರೆ ಹನಿ ಹೊರಬರುತ್ತದೆ. ಆ ಹನಿಗಾಗಿ ಸುತ್ತುವ ಇರುವೆಗಳು ಪರಾವಲಂಬಿ ಕಣಜಗಳನ್ನು ಅಟ್ಟುತ್ತವೆ. ಆದರೂ ಇರುವೆ ಇಲ್ಲದೆ ಬದುಕೇ ಇಲ್ಲ ಎನ್ನುವಷ್ಟು ಗಟ್ಟಿ ನಂಟಲ್ಲ.

ತಪ್ಪು ಕಲ್ಪನೆ: ದಾಳಿಂಬೆಯೊಳಗೆ ಹುಳು ತಾನಾಗಿಯೇ ಹುಟ್ಟುತ್ತದೆ.

ಸತ್ಯ: ಅದರ ಹಿಂದೆಯೂ ಇದೇ ಬಳಗದ ಒಂದು ಚಿಟ್ಟೆ ಇದೆ. ಪೀ ಬ್ಲೂಗಿಂತ ದೊಡ್ಡದು, ಗಂಡು ನೇರಳೆ ಮಿಶ್ರಿತ ನೀಲಿ. ಹೂವು ಅಥವಾ ಎಳೆಕಾಯಿಯ ಮೇಲೆ ಇಟ್ಟ ಮೊಟ್ಟೆಯಿಂದ ಬಂದ ಹುಳು ಕಾಯಿ ಕೊರೆದು ಒಳಗೆ ಸೇರುತ್ತದೆ. ಇದರದೊಂದು ಜಾಣತನ ಬೆರಗು ಹುಟ್ಟಿಸುತ್ತದೆ: ಕೊರೆದ ಕಾಯಿ ಉದುರಿ ಬೀಳದಂತೆ ಹೊರಗೆ ಬಂದು ತೊಟ್ಟನ್ನು ಕೊಂಬೆಗೆ ರೇಷ್ಮೆ ಎಳೆಯಿಂದ ಬಿಗಿಯುತ್ತದೆ. ಎಳೆಕಾಯಿಗೆ ಚೀಲ ಕಟ್ಟುವುದು, ಕೊರೆದ ಕಾಯಿ ಕಿತ್ತು ನಾಶಮಾಡುವುದು ಇದಕ್ಕೇ.

ತಪ್ಪು ಕಲ್ಪನೆ: ತೊಗರಿ ಕಾಯಿ ಕೊರೆಯುವುದೆಲ್ಲ ಈ ನೀಲಿ ಪಾತರಗಿತ್ತಿಯೇ.

ಸತ್ಯ: ಪೀ ಬ್ಲೂ ಪೂರ್ತಿ ನಿರಪರಾಧಿ ಎನ್ನುವಂತಿಲ್ಲ. ಮೊಗ್ಗಿನ ಮೇಲೆ ಒಂದೊಂದೇ ಮೊಟ್ಟೆ ಇಡುತ್ತದೆ. ಹುಳು ಮೊದಲು ಮೊಗ್ಗು, ಮುಂದೆ ಎಳೆಕಾಳು ತಿನ್ನುತ್ತದೆ. ಆದರೆ ತೊಗರಿಯ ದೊಡ್ಡ ವೈರಿ ಹೆಲಿಕೋವರ್ಪಾ ಎಂಬ ಹಸಿರು ಕೀಡಿ. ಅದರ ತಾಯಿ ರಾತ್ರಿ ಹಾರುವ ಮಾಸಲು ಪತಂಗ. ಹಗಲು ಹೊಲಕ್ಕೆ ಹೋದವರ ಕಣ್ಣಿಗೆ ಅದು ಬೀಳದು, ನೀಲಿ ಚಿಟ್ಟೆ ಬೀಳುತ್ತದೆ. ಕಂಡದ್ದರ ಮೇಲೆ ಕಳವಿನ ಆರೋಪ.

ಗುರುತು ಸುಲಭ. ಮೈಮೇಲೆ ಉದ್ದ ಗೆರೆ, 3 ಸೆಂ.ಮೀ. ಮೀರಿದ ಉದ್ದ, ಅರ್ಧ ಮೈ ಕಾಯಿಯ ಹೊರಗೆ ಇದ್ದರೆ ಅದು ಹಸಿರು ಕೀಡಿ. ಗಿಡ್ಡಗೆ, ಚಪ್ಪಟೆಯಾಗಿ, ಒಂದೂವರೆ ಸೆಂ.ಮೀ. ಒಳಗೇ ಇದ್ದು ತಲೆ ಮೈಯೊಳಗೆ ಅಡಗಿದ್ದರೆ ನೀಲಿ ಚಿಟ್ಟೆಯದು. ಆದ್ದರಿಂದ ಹೊಲದ ಮೇಲೆ ನೀಲಿ ಕಂಡ ಕೂಡಲೇ ಪಂಪು ಬೆನ್ನಿಗೇರಿಸಬೇಡಿ. ಹೂವಿನ ಹೊತ್ತಿನಲ್ಲಿ ಹೊಡೆದ ಔಷಧಿಗೆ ಜೇನ್ನೊಣಗಳೂ ಬಲಿಯಾಗುತ್ತವೆ. ಕೆಳಗೆ ತಾಡಪಾಲು ಹಾಸಿ ನಾಲ್ಕಾರು ಗಿಡ ಅಲ್ಲಾಡಿಸಿ, ಉದುರಿದ್ದು ಯಾವುದು ಎಂದು ನೋಡಿ. ಮೊಗ್ಗು ಬಿಡಿಸಿಯೂ ನೋಡಿ. ಗುರುತು ಸಿಗದಿದ್ದರೆ ಹುಳುವನ್ನು ಬಾಟಲಿಯಲ್ಲಿ ಹಾಕಿಕೊಂಡು ವಿಜಯಪುರದ ಹಿಟ್ನಳ್ಳಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಔಷಧಿ ಬೇಕೇ ಬೇಡವೇ ಎಂಬುದು ಹುಳುವಿನ ಜಾತಿ ಮತ್ತು ಲೆಕ್ಕ ನೋಡಿ ತೀರ್ಮಾನಿಸುವ ಮಾತು. ಮೇಲೆ ಹಾರುವ ಚಿಟ್ಟೆಗಳನ್ನು ಎಣಿಸಿ ಅಲ್ಲ.