ಸೈಕ್ಲೋಟ್ರಾನ್ ಕೆಲಸ: ಭಯವೂ ಬೇಡ, ಉಡಾಫೆಯೂ ಬೇಡ

ಉತ್ತರ ಕರ್ನಾಟಕದಿಂದ ಪುಣೆ ಸೀಮೆಗೆ ದುಡಿಯಲು ಹೋದವರಿಗೆ ಯಾವುದೇ ಊರಿನ ವೈದ್ಯಕೀಯ ಸೈಕ್ಲೋಟ್ರಾನ್ ಘಟಕದಲ್ಲಿ ಕೆಲಸ ಸಿಕ್ಕರೆ, ಮನೆಯವರಿಗೆ ಮೊದಲು ಕಾಡುವುದು ವಿಕಿರಣದ ಭಯ. ದೇಶದ ಮೊದಲ ವೈದ್ಯಕೀಯ ಸೈಕ್ಲೋಟ್ರಾನ್ 2002ರಲ್ಲಿ ಮುಂಬಯಿಯ ಪರೇಲ್‌ನಲ್ಲಿ ಶುರುವಾಯಿತು. ಕ್ಯಾನ್ಸರ್ ಪತ್ತೆಗೆ ನೆರವಾಗುವ ಪೆಟ್ ಸ್ಕ್ಯಾನ್‌ಗೆ ಬೇಕಾದ ವಿಕಿರಣಶೀಲ ಫ್ಲೋರಿನ್-18 ತಯಾರಾಗುವುದು ಪ್ರೋಟಾನ್‌ಗಳನ್ನು ವೇಗವಾಗಿ ಓಡಿಸುವ ಇಂಥ ಯಂತ್ರದಲ್ಲೇ. ಆದರೂ ಅದರ ಸುತ್ತ ತಪ್ಪು ಕಲ್ಪನೆಗಳು ಉಳಿದಿವೆ.

ತಪ್ಪು ಕಲ್ಪನೆ: ಸೈಕ್ಲೋಟ್ರಾನ್ ಅಣುಸ್ಥಾವರದಂತೆ ಸ್ಫೋಟಿಸಬಹುದು.
ಸತ್ಯ: ಇದರಲ್ಲಿ ಯುರೇನಿಯಂ ಇಂಧನವಿಲ್ಲ, ಸರಪಳಿ ಕ್ರಿಯೆಯೂ ಇಲ್ಲ. ವಿದ್ಯುತ್ ನಿಲ್ಲಿಸಿದರೆ ಪ್ರೋಟಾನ್ ಕಿರಣವೂ ನಿಲ್ಲುತ್ತದೆ. ಹಾಗೆಂದು ತಕ್ಷಣ ಯಂತ್ರದ ಕೋಣೆಯೊಳಗೆ ನುಗ್ಗುವಂತಿಲ್ಲ. ಯಂತ್ರದ ಕೆಲವು ಭಾಗಗಳು ತಾವೇ ವಿಕಿರಣಶೀಲವಾಗಿರುತ್ತವೆ. ಸರ್ವೆ ಮೀಟರ್‌ನಲ್ಲಿ ವಿಕಿರಣ ಅಳೆದ ಮೇಲೆಯೇ ಪ್ರವೇಶ.

ತಪ್ಪು ಕಲ್ಪನೆ: ಟಿಎಲ್‌ಡಿ ಬ್ಯಾಡ್ಜ್ ಹಾಕಿಕೊಂಡರೆ ರಕ್ಷಣೆ ಸಿಕ್ಕಂತೆ.
ಸತ್ಯ: ಬ್ಯಾಡ್ಜ್ ವಿಕಿರಣವನ್ನು ತಡೆಯುವುದಿಲ್ಲ, ಲೆಕ್ಕವಿಡುತ್ತದೆ ಅಷ್ಟೇ. ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಅದನ್ನು ಪರೀಕ್ಷೆಗೆ ಕಳಿಸುತ್ತಾರೆ. ಭಾರತದಲ್ಲಿ ಸಿಬ್ಬಂದಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಾಗಿದ ವಿಕಿರಣದ ಅಳತೆ) ಮಿತಿ. ಯಾವ ವರ್ಷವೂ 30 ದಾಟುವಂತಿಲ್ಲ. ಬ್ಯಾಡ್ಜನ್ನು ಡ್ರಾಯರಿನಲ್ಲಿ ಬಿಟ್ಟು ಹೋದವರ ಲೆಕ್ಕ ಯಾರ ಬಳಿಯೂ ಇರುವುದಿಲ್ಲ.

ತಪ್ಪು ಕಲ್ಪನೆ: ಸೀಸದ ಏಪ್ರನ್ ಇದ್ದರೆ ಸಾಕು.
ಸತ್ಯ: ಎಕ್ಸ್-ರೇ ಕೋಣೆಯ ತೆಳು ಏಪ್ರನ್ ಫ್ಲೋರಿನ್-18ರ 511 ಕಿಲೋ ಎಲೆಕ್ಟ್ರಾನ್ ವೋಲ್ಟ್‌ನ ಗಾಮಾ ಕಿರಣವನ್ನು ಹೆಚ್ಚೇನೂ ತಡೆಯದು. ಅದಕ್ಕೆಂದೇ ದಪ್ಪ ಸೀಸದ ಗೋಡೆಯ ಹಾಟ್ ಸೆಲ್ ಎಂಬ ಗೂಡು ಇರುವುದು. ಕೆಲಸ ಬೇಗ ಮುಗಿಸಿ, ದೂರ ನಿಲ್ಲಿ. ಚಿಕ್ಕ ಮೂಲದಿಂದ ಇರುವ ದೂರ ಎರಡು ಪಟ್ಟಾದರೆ ವಿಕಿರಣ ಕಾಲು ಭಾಗಕ್ಕೆ ಇಳಿಯುತ್ತದೆ.

ತಪ್ಪು ಕಲ್ಪನೆ: ಇಲ್ಲಿ ದುಡಿಯುವವರು ವಿಕಿರಣವನ್ನು ಮನೆಗೆ ಹೊತ್ತು ತರುತ್ತಾರೆ.
ಸತ್ಯ: ಗಾಮಾ ಕಿರಣ ಮೈಮೇಲೆ ಬಿದ್ದ ಮಾತ್ರಕ್ಕೆ ಯಾರೂ ವಿಕಿರಣಶೀಲರಾಗುವುದಿಲ್ಲ. ಫ್ಲೋರಿನ್-18 ಸೇರಿದ ಔಷಧದ ಹನಿ ಕೈಗೋ ಬಟ್ಟೆಗೋ ತಾಗಿದರೆ ಆಗ ಎಚ್ಚರ ಬೇಕು. ಹೊರಡುವ ಮುನ್ನ ಕೈಕಾಲು ತಪಾಸಣೆ ಮಾಡಿಸುವುದು ಇದಕ್ಕಾಗಿಯೇ. ತಾಗಿದ್ದು ಕಂಡರೆ ಚರ್ಮ ಕೆರೆಯದೆ ಸೋಪು ನೀರಿನಲ್ಲಿ ತೊಳೆದು, ವಿಕಿರಣ ಸುರಕ್ಷತಾ ಅಧಿಕಾರಿಗೆ ತಿಳಿಸಬೇಕು.

ತಪ್ಪು ಕಲ್ಪನೆ: ಎರಡು ಗಂಟೆಯಲ್ಲಿ ಎಲ್ಲವೂ ಮಾಯ.
ಸತ್ಯ: ಫ್ಲೋರಿನ್-18 ಸುಮಾರು 110 ನಿಮಿಷದಲ್ಲಿ ಅರ್ಧಕ್ಕೆ ಇಳಿಯುತ್ತದೆ, ಮುಗಿದುಹೋಗುವುದಿಲ್ಲ. ಸಾವಿರದಲ್ಲೊಂದು ಪಾಲಿಗೆ ಇಳಿಯಲು 18 ಗಂಟೆಯಷ್ಟು ಬೇಕು. ಚೆಲ್ಲಿದ ಜಾಗವನ್ನೂ ಕಸದ ಡಬ್ಬಿಯನ್ನೂ ಅಳೆಯದೆ ಮುಟ್ಟಬಾರದು.

ತಪ್ಪು ಕಲ್ಪನೆ: ತರಬೇತಿ ವಿಜ್ಞಾನಿಗಳಿಗೆ ಮಾತ್ರ, ಅದೂ ಒಮ್ಮೆ ಸಾಕು.
ಸತ್ಯ: ನೆಲ ಒರೆಸುವವರು, ಕಾವಲುಗಾರರು, ಔಷಧದ ಪೆಟ್ಟಿಗೆ ಒಯ್ಯುವ ಚಾಲಕರು, ಎಲ್ಲರಿಗೂ ಅದು ಬೇಕು; ಆಗಾಗ ಮತ್ತೆ ಬೇಕು. ಗರ್ಭಿಣಿಯಾದ ಸಿಬ್ಬಂದಿ ಕೂಡಲೇ ತಿಳಿಸಿದರೆ ಮಗುವಿನ ರಕ್ಷಣೆಗೆ ಬೇರೆ ಕೆಲಸ ಕೊಡಬಹುದು ಎಂಬುದನ್ನೂ ಅಲ್ಲೇ ಹೇಳಿಕೊಡಬೇಕು.

ತರಬೇತಿಯ ಪಾಠ, ಕೇಳುವವರ ಮಾತಿನಲ್ಲೇ ನಡೆಯಲಿ. ಇಂಗ್ಲಿಷ್ ಫಲಕ ಓದಲು ಬಾರದ ಕನ್ನಡಿಗ ಕಾರ್ಮಿಕನಿಗೆ ಕನ್ನಡದಲ್ಲಿ, ಮರಾಠಿಗನಿಗೆ ಮರಾಠಿಯಲ್ಲಿ ಹೇಳಿ. ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂದು ತಿಳಿದವರು ತಮ್ಮನ್ನೂ ಪಕ್ಕದವರನ್ನೂ ಕಾಯುತ್ತಾರೆ.