ದೇಹದೊಳಗೆ ಇರಿಸುವ ವಿಕಿರಣಶೀಲ ಬೀಜಗಳು: ರೋಗಿಗಳು ಹಾಗೂ ಕುಟುಂಬದವರ ಗಮನಕ್ಕೆ

ಕ್ಯಾನ್ಸರ್ ಗೆಡ್ಡೆಯ ಒಳಗೆ ಅಥವಾ ಅದರ ಸಮೀಪದಲ್ಲಿ ವಿಕಿರಣಶೀಲ ಆಕರವನ್ನು ಇರಿಸಿ ನೀಡುವ ಚಿಕಿತ್ಸೆಗೆ ಬ್ರಾಕಿಥೆರಪಿ ಎಂದು ಹೆಸರು. ಗರ್ಭಕಂಠದ ಕ್ಯಾನ್ಸರಿಗೆ ಸಾಮಾನ್ಯವಾಗಿ ನೀಡುವ ತಾತ್ಕಾಲಿಕ ವಿಧಾನದಲ್ಲಿ ಆಕರವನ್ನು ಹಿಂತೆಗೆಯಲಾಗುವುದರಿಂದ ರೋಗಿಯ ದೇಹದಲ್ಲಿ ವಿಕಿರಣವು ಉಳಿಯುವುದಿಲ್ಲ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿಗೆ ಅಳವಡಿಸುವ ಅಯೋಡಿನ್-125 ಬೀಜಗಳು ಮಾತ್ರ ದೇಹದಲ್ಲಿ ಶಾಶ್ವತವಾಗಿ ಉಳಿಯುತ್ತವೆ. ಇವು ಸುಮಾರು 4.5 ಮಿಲಿಮೀಟರ್ ಉದ್ದದ, ಟೈಟಾನಿಯಂ ಲೋಹದ ಮುಚ್ಚಿದ ಕೋಶಗಳಾಗಿವೆ. ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರವು ಇಂತಹ ಬೀಜಗಳನ್ನು ದೇಶದಲ್ಲಿಯೇ ಅಭಿವೃದ್ಧಿಪಡಿಸಿದೆ.

ಅಯೋಡಿನ್-125ರ ವಿಕಿರಣಶೀಲತೆಯು ಸುಮಾರು 60 ದಿನಗಳಿಗೊಮ್ಮೆ ಅರ್ಧದಷ್ಟಾಗುತ್ತದೆ. ಒಂದು ವರ್ಷದ ನಂತರ ಉಳಿಯುವುದು ಶೇ. 2ಕ್ಕಿಂತ ಕಡಿಮೆ. ಹೊರಡುವ ಕಿರಣಗಳು ದುರ್ಬಲವಾಗಿದ್ದು, ಬಹುಪಾಲು ದೇಹದಲ್ಲಿಯೇ ಹೀರಲ್ಪಡುತ್ತವೆ. ರೋಗಿಯು ಬಳಸಿದ ಬಟ್ಟೆ, ಪಾತ್ರೆಗಳು ವಿಕಿರಣಶೀಲವಾಗುವುದಿಲ್ಲ. ಆದುದರಿಂದ ರೋಗಿಯನ್ನು ದೂರವಿಡುವ ಅಗತ್ಯವಿಲ್ಲ.

ಆದಾಗ್ಯೂ ಈ ಕೆಳಕಂಡ ಮುನ್ನೆಚ್ಚರಿಕೆಗಳನ್ನು ಪಾಲಿಸತಕ್ಕದ್ದು:

1. ಮೊದಲ ಎರಡು ತಿಂಗಳು ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಾರದು. ಗರ್ಭಿಣಿಯರ ಪಕ್ಕದಲ್ಲಿ ದೀರ್ಘಕಾಲ ಕುಳಿತುಕೊಳ್ಳಬಾರದು.

2. ವಿರಳವಾಗಿ ಬೀಜವೊಂದು ಮೂತ್ರದೊಂದಿಗೆ ಹೊರಬರಬಹುದು. ಅದನ್ನು ಕೈಯಿಂದ ಮುಟ್ಟದೆ, ಚಮಚ ಅಥವಾ ಚಿಮುಟದಿಂದ ಎತ್ತಿ, ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ ಜನರಿಂದ ದೂರವಿರಿಸಿ, ಆಸ್ಪತ್ರೆಗೆ ತಿಳಿಸಬೇಕು.

3. ಚಿಕಿತ್ಸೆಯ ದಿನಾಂಕ ಮತ್ತು ವಿವರಗಳುಳ್ಳ ಚೀಟಿಯನ್ನು ಆಸ್ಪತ್ರೆಯಿಂದ ಪಡೆದು ಸದಾ ಜೊತೆಯಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಯಾವುದೇ ಶಸ್ತ್ರಚಿಕಿತ್ಸೆಗೆ ಮುನ್ನ ಅದನ್ನು ವೈದ್ಯರಿಗೆ ತೋರಿಸಬೇಕು. ವಿಕಿರಣ ಪತ್ತೆ ಉಪಕರಣಗಳಿರುವ ವಿಮಾನ ನಿಲ್ದಾಣಗಳಲ್ಲಿಯೂ ಇದು ಉಪಯುಕ್ತ.

ಕುಟುಂಬದವರು ಮುಖ್ಯವಾಗಿ ತಿಳಿದಿರಬೇಕಾದ ಸಂಗತಿಯೊಂದಿದೆ. ರೋಗಿಯು ಬೇರೆ ಯಾವುದೇ ಕಾರಣದಿಂದ ಚಿಕಿತ್ಸೆಯ ಒಂದು ವರ್ಷದೊಳಗೆ ನಿಧನರಾದಲ್ಲಿ, ದಹನದ ನಂತರ ಬೀಜಗಳಲ್ಲಿನ ವಿಕಿರಣಶೀಲ ವಸ್ತುವು ಬೂದಿಯಲ್ಲಿ ಉಳಿಯಬಹುದು. ನಮ್ಮಲ್ಲಿ ಅಸ್ಥಿಯನ್ನು ಬಂಧುಗಳೇ ಕೈಯಾರೆ ಆಯ್ದು ನದಿಯಲ್ಲಿ ವಿಸರ್ಜಿಸುವ ಪದ್ಧತಿಯಿದೆ. ಅಯೋಡಿನ್-125 ಬೀಜಗಳನ್ನು ಅಳವಡಿಸಿ 12 ತಿಂಗಳು ಕಳೆದಿದ್ದರೆ ದಹನಕ್ಕೆ ಅಡ್ಡಿಯಿಲ್ಲವೆಂದೂ, ಅದಕ್ಕೆ ಮುನ್ನವಾದರೆ ವಿಶೇಷ ಕ್ರಮಗಳು ಅಗತ್ಯವೆಂದೂ ಅಂತಾರಾಷ್ಟ್ರೀಯ ವಿಕಿರಣ ಸಂರಕ್ಷಣಾ ಆಯೋಗವು 2005ರಲ್ಲಿ ಶಿಫಾರಸು ಮಾಡಿದೆ. ಆದುದರಿಂದ ಅಂತ್ಯಸಂಸ್ಕಾರಕ್ಕೆ ಮುನ್ನ ಚಿಕಿತ್ಸೆ ನೀಡಿದ ಆಸ್ಪತ್ರೆಯ ವಿಕಿರಣ ಸುರಕ್ಷತಾ ಅಧಿಕಾರಿಯನ್ನು ಸಂಪರ್ಕಿಸಿ ಮಾರ್ಗದರ್ಶನ ಪಡೆಯುವುದು.

ದುಃಖದ ಸಮಯದಲ್ಲಿ ಇದು ಯಾರಿಗೂ ನೆನಪಾಗದೆ ಹೋಗಬಹುದು. ಚೀಟಿ ಎಲ್ಲಿದೆ ಎಂಬುದನ್ನು ಮನೆಯ ಒಬ್ಬರಿಗಾದರೂ ಮೊದಲೇ ತಿಳಿಸಿರುವುದು ಸೂಕ್ತ.